ನಾಲ್ಕು ಕ್ಯಾಮೆರಾ ಇದ್ದೂ ಒಂದು ನಂಬರಿಲ್ಲ: ಮನೆ ಮುಂದಿನ ಗಾಡಿ ಗುರುತಿಸುವ ಲೆಕ್ಕ

ಕಾರಿನ ನಂಬರ್ ಪ್ಲೇಟಿನಲ್ಲಿ ಒಂದು ಅಕ್ಷರದ ಎತ್ತರ 65 ಮಿಲಿಮೀಟರ್, ಅಕ್ಷರದ ಗೆರೆಯ ದಪ್ಪ 10 ಮಿ.ಮೀ. ಸ್ಕೂಟರು, ಬೈಕುಗಳ ಹಿಂಬದಿ ಪ್ಲೇಟಿನಲ್ಲಿ ಅಕ್ಷರ 35 ಮಿ.ಮೀ., ಅಂಕಿ 40 ಮಿ.ಮೀ., ಗೆರೆಯ ದಪ್ಪ 7. ಬೈಕಿನ ಮುಂಬದಿಗೆ ಬಂದರೆ ಇನ್ನೂ ಚಿಕ್ಕದು: ಎತ್ತರ 30, ಗೆರೆ 5. ಇವು ಕೇಂದ್ರ ಮೋಟಾರು ವಾಹನ ನಿಯಮಗಳ 51ನೇ ನಿಯಮ ಹೇಳುವ ಅಳತೆಗಳು. ಮನೆಗೆ ಸಿಸಿಟಿವಿ ಹಾಕಿಸಲು ಹೊರಟವರು ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ, ಎಷ್ಟು ದಿನ ರೆಕಾರ್ಡಿಂಗ್ ಉಳಿಯುತ್ತದೆ ಎಂದು ಕೇಳುತ್ತಾರೆ. ಅಕ್ಷರದ ಎತ್ತರ ಯಾರಿಗೂ ನೆನಪಾಗುವುದಿಲ್ಲ. ನಂಬರ್ ಬೇಕೆಂದಿದ್ದರೆ ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದಲೇ.

ಬೆಂಗಳೂರಿನ ಯಾವುದೇ ಬಡಾವಣೆಯ ಒಂದು ಥರ್ಟಿ-ಫಾರ್ಟಿ ಮನೆ ತೆಗೆದುಕೊಳ್ಳಿ. ಸೈಟಿನ ಮುಂಭಾಗ 30 ಅಡಿ, ಅಂದರೆ 9.1 ಮೀಟರ್. ಮುಂದಿನ ರಸ್ತೆಯೂ 30 ಅಡಿಯದೇ ಎಂದಿಟ್ಟುಕೊಳ್ಳೋಣ. ಗೃಹಪ್ರವೇಶದ ಹೊತ್ತಿಗೆ ‘ನಾಲ್ಕು ಕ್ಯಾಮೆರಾ, ಡಿವಿಆರ್, ಹಾರ್ಡ್‌ಡಿಸ್ಕ್, ಫಿಟ್ಟಿಂಗ್ ಎಲ್ಲ ಸೇರಿ ಇಷ್ಟು’ ಎಂಬ ಪ್ಯಾಕೇಜಿನಲ್ಲಿ ಕ್ಯಾಮೆರಾ ಬಂದಿರುತ್ತದೆ. ನಾಲ್ಕಕ್ಕೂ 2.8 ಅಥವಾ 3.6 ಮಿ.ಮೀ. ಲೆನ್ಸ್. ಗೇಟು, ಎದುರುಮನೆಯ ಸಜ್ಜಾ, ರಸ್ತೆಯ ಎರಡೂ ಬದಿ ಎಲ್ಲ ಮೊಬೈಲಿನಲ್ಲೇ ಕಾಣುತ್ತದೆ, ಮನೆಯವರಿಗೆ ಸಮಾಧಾನ. ಒಂದು ರಾತ್ರಿ ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಹೋಗುತ್ತಾರೆ, ಇಲ್ಲವೇ ಗೇಟಿನ ಪಕ್ಕದ ಸ್ಕೂಟರೇ ಮಾಯವಾಗುತ್ತದೆ. ರೆಕಾರ್ಡಿಂಗ್ ತೆಗೆದು ನೋಡಿದರೆ ಗಾಡಿ ಬಂದದ್ದು, ನಿಂತದ್ದು, ಹೋದದ್ದು ಎಲ್ಲ ಇದೆ. ನಂಬರ್ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ.

ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: “ಸಾರ್, ಎಯ್ಟ್ ಮೆಗಾಪಿಕ್ಸೆಲ್ ಹಾಕ್ಸ್‌ಬಿಡಿ, ಝೂಮ್ ಮಾಡಿದ್ರೆ ನಂಬರ್ ಕ್ಲಿಯರಾಗಿ ಬರುತ್ತೆ.” ಬರುವುದಿಲ್ಲ. ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಒಂದು ಅಕ್ಷರಕ್ಕೆ ಎಷ್ಟು ಪಿಕ್ಸೆಲ್

ಪರದೆಯ ಮೇಲೆ ಅಕ್ಷರವನ್ನು ಕಣ್ಣಿನಿಂದ ಓದಲು ಅದರ ಎತ್ತರ ಕನಿಷ್ಠ 15 ಪಿಕ್ಸೆಲ್ ಇರಲಿ ಎಂದು ಹಿಡಿಯೋಣ. ಇದಕ್ಕಿಂತ ಕಡಿಮೆಯಾದರೆ 8 ಯಾವುದು, ‘ಬಿ’ ಯಾವುದು ಎಂಬ ಜಗಳ ಶುರುವಾಗುತ್ತದೆ. ಕಾರಿನ 65 ಮಿ.ಮೀ. ಅಕ್ಷರಕ್ಕೆ 15 ಪಿಕ್ಸೆಲ್ ಸಿಗಬೇಕಾದರೆ ಒಂದು ಮೀಟರ್ ಅಗಲಕ್ಕೆ 231 ಪಿಕ್ಸೆಲ್ ಬೇಕು. ಬೈಕಿನ ಹಿಂಬದಿಯ 35 ಮಿ.ಮೀ. ಅಕ್ಷರಕ್ಕೆ 429. ಮುಂಬದಿಯ 30 ಮಿ.ಮೀ.ಗೆ 500.

ವಿಡಿಯೊ ಕಣ್ಗಾವಲಿಗೆ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅಪರಿಚಿತ ವ್ಯಕ್ತಿಯ ಗುರುತು ಖಚಿತಪಡಿಸಲು ಅದರ 2014ರ ಆವೃತ್ತಿ ಕೇಳಿದ್ದು ಮೀಟರಿಗೆ 250 ಪಿಕ್ಸೆಲ್. ಆ ಲೆಕ್ಕದಲ್ಲಿ ಕಾರಿನ ಅಕ್ಷರಕ್ಕೆ 16 ಪಿಕ್ಸೆಲ್ ಸಿಕ್ಕಿ ಕೆಲಸವಾಗುತ್ತದೆ, ಬೈಕಿನ ಅಕ್ಷರಕ್ಕೆ ಸಿಗುವುದು 9 ಮಾತ್ರ. ಮುಖ ಕಾಣುವಷ್ಟು ಸ್ಪಷ್ಟವಾದ ಚಿತ್ರದಲ್ಲೂ ಸ್ಕೂಟರಿನ ನಂಬರ್ ಓದಲಾಗದಿರಬಹುದು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ದೊಡ್ಡ ಪಾಲು ದ್ವಿಚಕ್ರಗಳದು. ಸರಗಳ್ಳರು ಬರುವುದೂ ಹೆಚ್ಚಾಗಿ ಬೈಕಿನಲ್ಲೇ. ಹಾಗಾಗಿ ಇಲ್ಲಿ ಕಾರಿಗಲ್ಲ, ಬೈಕಿಗೆ ಲೆಕ್ಕ ಹಾಕಬೇಕು.

ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1,920 ಪಿಕ್ಸೆಲ್. ಬೈಕಿಗೆ ಬೇಕಾದ 429ರಿಂದ ಭಾಗಿಸಿದರೆ 4.5 ಮೀಟರ್. ಅಂದರೆ ಆ ಕ್ಯಾಮೆರಾ ನೋಡುತ್ತಿರುವ ಜಾಗದ ಅಗಲ ನಾಲ್ಕೂವರೆ ಮೀಟರಿಗಿಂತ ಹೆಚ್ಚಿರಬಾರದು. ನಾಲ್ಕು ಮೆಗಾಪಿಕ್ಸೆಲ್ ಆದರೆ (2,560 ಪಿಕ್ಸೆಲ್) 6 ಮೀಟರ್, ಎಂಟು ಮೆಗಾಪಿಕ್ಸೆಲ್ ಆದರೆ (3,840) ಸುಮಾರು 9 ಮೀಟರ್.

ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆ ಎಂಬುದನ್ನು ತೀರ್ಮಾನಿಸುವುದು ಲೆನ್ಸ್. ಮನೆಬಳಕೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ 1/2.8 ಇಂಚಿನ ಸೆನ್ಸರಿನ ಅಗಲ ಸುಮಾರು 5.6 ಮಿ.ಮೀ. ಗಾಡಿಯ ದೂರವನ್ನು 5.6ರಿಂದ ಗುಣಿಸಿ ಲೆನ್ಸಿನ ಮಿ.ಮೀ.ನಿಂದ ಭಾಗಿಸಿದರೆ ಕಾಣುವ ಅಗಲ ಸಿಗುತ್ತದೆ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, 10 ಮೀಟರ್ ದೂರದ ಗಾಡಿ ಎಂದುಕೊಂಡು ಲೆಕ್ಕ ಹಾಕಿದರೆ:

2.8 ಮಿ.ಮೀ. ಲೆನ್ಸ್: ಕಾಣುವ ಅಗಲ 20 ಮೀ.; ಕಾರಿನ ಅಕ್ಷರ 6 ಪಿಕ್ಸೆಲ್, ಬೈಕಿನದು 3
4 ಮಿ.ಮೀ. ಲೆನ್ಸ್: 14 ಮೀ.; ಕಾರು 9, ಬೈಕು 5
6 ಮಿ.ಮೀ. ಲೆನ್ಸ್: 9.3 ಮೀ.; ಕಾರು 13, ಬೈಕು 7
8 ಮಿ.ಮೀ. ಲೆನ್ಸ್: 7 ಮೀ.; ಕಾರು 18, ಬೈಕು 10
12 ಮಿ.ಮೀ. ಲೆನ್ಸ್: 4.7 ಮೀ.; ಕಾರು 27, ಬೈಕು 14

ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. ಪ್ಯಾಕೇಜಿನಲ್ಲಿ ಬಂದ 2.8 ಮಿ.ಮೀ. ಕ್ಯಾಮೆರಾಕ್ಕೆ ಬೈಕಿನ ಒಂದು ಅಕ್ಷರ ಮೂರು ಚುಕ್ಕೆ ಎತ್ತರ. ಅದನ್ನು ತೆಗೆದು ಎಂಟು ಮೆಗಾಪಿಕ್ಸೆಲ್ ಹಾಕಿದರೆ ಮೂರು ಚುಕ್ಕೆ ಏಳಾಗುತ್ತದೆ, ಅಷ್ಟೇ. ಝೂಮ್ ಮಾಡಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು ಇಲ್ಲದ ಅಕ್ಷರ ಹುಟ್ಟುವುದಿಲ್ಲ. ಅದೇ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 12 ಮಿ.ಮೀ. ಲೆನ್ಸ್ ಹಾಕಿ, ಗಾಡಿ 10ರ ಬದಲು 9 ಮೀಟರ್ ದೂರದಲ್ಲಿ ಹಾದುಹೋಗುವಂತೆ ನೋಡಿಕೊಂಡರೆ ಬೈಕಿನ ಅಕ್ಷರವೂ 16 ಪಿಕ್ಸೆಲ್ ಆಗುತ್ತದೆ. ದುಡ್ಡು ಹೋಗಬೇಕಾದ್ದು ಲೆನ್ಸಿಗೆ, ಮೆಗಾಪಿಕ್ಸೆಲಿಗಲ್ಲ.

ಆದರೆ ನಾಲ್ಕೂವರೆ ಮೀಟರ್ ಮಾತ್ರ ನೋಡುವ ಕ್ಯಾಮೆರಾದಲ್ಲಿ ಗೇಟು ಕಾಣುವುದಿಲ್ಲ, ಕಾಂಪೌಂಡ್ ಹಾರಿದವನೂ ಕಾಣುವುದಿಲ್ಲ. ಆದ್ದರಿಂದ ನಂಬರಿಗೆಂದೇ ಒಂದು ಕ್ಯಾಮೆರಾ, ಉಳಿದದ್ದಕ್ಕೆ ಇನ್ನೊಂದು. ಒಂದರಲ್ಲೇ ಎರಡೂ ಆಗಲಿ ಎನ್ನುವವರಿಗೆ ಎರಡೂ ಆಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಗೇಟಿನ ಪಿಲ್ಲರಿನ ಮೇಲೆ ಕ್ಯಾಮೆರಾ ಇಟ್ಟು ಎದುರಿಗೆ ರಸ್ತೆಗೆ ಮುಖ ಮಾಡಿಸುವುದು ರೂಢಿ. ಅಲ್ಲಿಂದ ಹಾದುಹೋಗುವ ಗಾಡಿಯ ಪಕ್ಕೆ ಕಾಣುತ್ತದೆ: ಬಾಗಿಲು, ಚಕ್ರ, ಸವಾರನ ಮೊಣಕಾಲು. ನಂಬರ್ ಪ್ಲೇಟ್ ಇರುವುದು ಮುಂದೆ ಮತ್ತು ಹಿಂದೆ. ಎದುರಿಗೆ ಮುಖ ಮಾಡಿದ ಕ್ಯಾಮೆರಾಕ್ಕೆ ಅದು ಸರಿಯಾಗಿ ಸಿಗುವುದು ಗಾಡಿ ತಿರುಗಿಸುವಾಗ ಮಾತ್ರ.

ಗಾಡಿ ಹೋಗುವ ದಿಕ್ಕಿಗೂ ಕ್ಯಾಮೆರಾದ ನೋಟಕ್ಕೂ ನಡುವಿನ ಕೋನ 30 ಡಿಗ್ರಿಯೊಳಗೆ ಇರಬೇಕು. ಮೇಲಿನಿಂದ ಕೆಳಗೆ ನೋಡುವ ಕೋನಕ್ಕೂ ಅದೇ ಮಿತಿ. ನಮ್ಮ ಥರ್ಟಿ-ಫಾರ್ಟಿಯಲ್ಲಿ ರಸ್ತೆಯ ಮಧ್ಯಭಾಗ ಕಾಂಪೌಂಡಿನಿಂದ ಸುಮಾರು 4.5 ಮೀಟರ್. ಅಲ್ಲಿ 30 ಡಿಗ್ರಿ ಸಿಗಬೇಕಾದರೆ ರಸ್ತೆಯುದ್ದಕ್ಕೆ 7.8 ಮೀಟರ್ ಮುಂದೆ ನೋಡಬೇಕು. ಕ್ಯಾಮೆರಾದಿಂದ ಆ ಜಾಗಕ್ಕೆ ನೇರ ದೂರ 9 ಮೀಟರ್. ಸೈಟಿನ ಅಗಲವೇ 9.1 ಮೀಟರ್. ಕಾಂಪೌಂಡಿನ ಒಂದು ಮೂಲೆಯಲ್ಲಿ ಕ್ಯಾಮೆರಾ ಇಟ್ಟು ಇನ್ನೊಂದು ಮೂಲೆಯ ಎದುರಿನ ರಸ್ತೆಗೆ ಗುರಿ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಪಕ್ಕದ ಮನೆಯ ಕಿಟಕಿ ಕಡೆಗೆ ಕ್ಯಾಮೆರಾ ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಮೂಲೆ ಸೈಟಿನವರಿಗೆ ಇನ್ನೂ ಅನುಕೂಲ.

ಎತ್ತರದ ವಿಷಯದಲ್ಲಿ ಜನರ ಆಸೆ ಯಾವಾಗಲೂ ಮೇಲಕ್ಕೆ. ಕೈಗೆ ಸಿಗಬಾರದು, ಕದಿಯಬಾರದು ಎಂದು ಎರಡನೇ ಮಹಡಿಯ ಪ್ಯಾರಾಪೆಟ್‌ಗೆ, ಸುಮಾರು 7 ಮೀಟರ್ ಎತ್ತರಕ್ಕೆ ಒಯ್ಯುತ್ತಾರೆ. ಸ್ಕೂಟರಿನ ಹಿಂಬದಿ ಪ್ಲೇಟು ನೆಲದಿಂದ ಮುಕ್ಕಾಲು ಮೀಟರಿನೊಳಗೆ ಇರುತ್ತದೆ. 9 ಮೀಟರ್ ದೂರಕ್ಕೆ ಅಲ್ಲಿಂದ ನೋಡಿದರೆ ಕೋನ 35 ಡಿಗ್ರಿ, ಮಿತಿ ಮೀರಿತು. ಅದೇ ನೆಲಮಹಡಿಯ ಸಜ್ಜಾದ ಕೆಳಗೆ ಮೂರೂವರೆ ಮೀಟರ್ ಎತ್ತರದಲ್ಲಿ ಕೂರಿಸಿದರೆ 17 ಡಿಗ್ರಿ. ಸಜ್ಜಾ ಮಳೆ ನೀರನ್ನೂ ತಡೆಯುತ್ತದೆ. ಒಂದು ವೇಳೆ ಮನೆ ಕಾಂಪೌಂಡಿನಿಂದ ಒಂದೂವರೆ ಎರಡು ಮೀಟರ್ ಹಿಂದಿದ್ದರೆ ಅಷ್ಟು ದೂರ ಸೇರಿಸಿ ಲೆನ್ಸ್ ಲೆಕ್ಕ ಮತ್ತೆ ಹಾಕಬೇಕು. ಟೇಪ್ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ.

ಬರುವ ಗಾಡಿಯ ಮುಂಭಾಗ ನೋಡಬೇಕೇ, ಹೋಗುವ ಗಾಡಿಯ ಹಿಂಭಾಗವೇ? ನನ್ನ ಮತ ಹಿಂಭಾಗಕ್ಕೆ. ಬೈಕಿನ ಹಿಂದಿನ ಅಕ್ಷರ ಮುಂದಿನದಕ್ಕಿಂತ ದೊಡ್ಡದು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ತಾನಾಗಿ ಹೊತ್ತಿಕೊಳ್ಳುತ್ತದೆ, ಹಗಲೂ ಆರಿಸಲಾಗದು. ಮುಂದಿನ ಪ್ಲೇಟು ಆ ಬೆಳಕಿನ ಪಕ್ಕದಲ್ಲೇ ಇರುತ್ತದೆ. ಹಿಂದಿನ ದೀಪ ಅಷ್ಟು ಕಾಟ ಕೊಡುವುದಿಲ್ಲ.

ರಾತ್ರಿಯ ಬಿಳಿ ಚೌಕ

ಇಷ್ಟೆಲ್ಲ ಸರಿಯಾದ ಮೇಲೂ ರಾತ್ರಿ ನಂಬರ್ ಸಿಗದಿರಲು ಕಾರಣ ಶಟರ್.

ಗಂಟೆಗೆ 20 ಕಿ.ಮೀ. ಎಂದರೆ ಬಡಾವಣೆಯ ರಸ್ತೆಯಲ್ಲಿ ಹಂಪ್ ದಾಟಿದ ಗಾಡಿಯ ವೇಗ, ಸೆಕೆಂಡಿಗೆ 5.56 ಮೀಟರ್. ಕತ್ತಲಾದ ಮೇಲೆ ಆಟೊದಲ್ಲಿ ಬಿಟ್ಟ ಕ್ಯಾಮೆರಾ ಶಟರನ್ನು 1/25 ಸೆಕೆಂಡಿಗೆ ಇಳಿಸಿಕೊಳ್ಳುತ್ತದೆ. ಆ ಒಂದು ಫ್ರೇಮಿನೊಳಗೆ ಗಾಡಿ 222 ಮಿ.ಮೀ. ಮುಂದೆ ಹೋಗಿರುತ್ತದೆ. ಸ್ಕೂಟರಿನ ಹಿಂಬದಿ ಪ್ಲೇಟಿನ ಅಗಲವೇ 200 ಮಿ.ಮೀ. 30 ಡಿಗ್ರಿ ಕೋನದಿಂದ ನೋಡುವುದರಿಂದ ಚಿತ್ರದಲ್ಲಿ ಆ ಸರಿತ ಅರ್ಧಕ್ಕೆ ಇಳಿಯುತ್ತದೆ ಎಂದರೂ 111 ಮಿ.ಮೀ. 7 ಮಿ.ಮೀ. ದಪ್ಪದ ಗೆರೆ 111 ಮಿ.ಮೀ. ಉದ್ದಕ್ಕೆ ಎಳೆದು ಹೋದರೆ ಉಳಿಯುವುದು ಬೂದು ಪಟ್ಟಿ. ಶಟರ್ 1/500 ಆದರೆ ಸರಿತ 5.6 ಮಿ.ಮೀ., ಗೆರೆಯ ದಪ್ಪಕ್ಕಿಂತ ಸ್ವಲ್ಪ ಕಡಿಮೆ. 1/1000 ಆದರೆ 2.8 ಮಿ.ಮೀ., ಅಕ್ಷರ ನಿಂತಂತೆ ಕಾಣುತ್ತದೆ. ಗಾಡಿ 40 ಕಿ.ಮೀ. ವೇಗದಲ್ಲಿ ಹೋಗುವ ರಸ್ತೆಯಾದರೆ 1/2000 ಬೇಕು.

ಶಟರ್ 1/25ರಿಂದ 1/1000ಕ್ಕೆ ಏರಿದರೆ ಕ್ಯಾಮೆರಾ ಒಳಗೆ ಬರುವ ಬೆಳಕು 40 ಪಟ್ಟು ಕಡಿಮೆ. ಬೀದಿದೀಪ ಉರಿಯುತ್ತಿದ್ದರೂ ಪರದೆ ಕಪ್ಪು. ಮನೆಯವರು ಇದನ್ನು ನೋಡಿ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಫಿಟ್ಟಿಂಗ್ ಹುಡುಗ ಬಂದು ಮತ್ತೆ ಆಟೊಗೆ ಹಾಕಿ ಹೋಗುತ್ತಾನೆ. ಕಪ್ಪಾಗಿಯೇ ಇರಬೇಕು. ಯಾಕೆಂದರೆ ನಂಬರ್ ಪ್ಲೇಟಿನ ಹಾಳೆ ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವ ಜಾತಿಯದು. ಕ್ಯಾಮೆರಾದ ಲೆನ್ಸಿನ ಪಕ್ಕದಲ್ಲೇ ಇರುವ ಐಆರ್ (ಇನ್‌ಫ್ರಾರೆಡ್) ದೀಪ 850 ನ್ಯಾನೊಮೀಟರಿನ, ಕಣ್ಣಿಗೆ ಮಂದ ಕೆಂಪಾಗಿ ಮಾತ್ರ ತೋರುವ ಬೆಳಕನ್ನು ಚೆಲ್ಲುತ್ತದೆ. ರಸ್ತೆ, ಗೋಡೆ, ಸವಾರ ಎಲ್ಲ ಅದನ್ನು ಅತ್ತಿತ್ತ ಚದುರಿಸಿದರೆ ಪ್ಲೇಟು ನೇರ ಲೆನ್ಸಿಗೇ ಹಿಂತಿರುಗಿಸುತ್ತದೆ. ನಿಧಾನ ಶಟರಿನಲ್ಲಿ ಆ ಬೆಳಕು ಅತಿಯಾಗಿ, ಕಪ್ಪು ಅಕ್ಷರಗಳನ್ನೂ ನುಂಗಿ, ಬಿಳಿ ಚೌಕವಾಗುತ್ತದೆ. ವೇಗದ ಶಟರಿನಲ್ಲಿ ಪೂರ್ತಿ ಕಪ್ಪು ಪರದೆಯ ನಡುವೆ ಆಯತಾಕಾರದ ಒಂದು ಪ್ಲೇಟು ಮಾತ್ರ ತೇಲಿಬರುತ್ತದೆ, ಕೆಎ 05 ಮುಂದಿನದೆಲ್ಲ ಅಚ್ಚುಕಟ್ಟಾಗಿ. ಗಾಡಿ ಕಾರೋ ಜೀಪೋ, ಯಾವ ಬಣ್ಣ ಎಂಬುದು ಇದರಲ್ಲಿ ಗೊತ್ತಾಗದು. ಅದನ್ನು ಹೇಳಲು ಎರಡನೇ ಕ್ಯಾಮೆರಾ ಇದೆಯಲ್ಲ. ಎರಡರ ಗಡಿಯಾರವೂ ಒಂದೇ ಸಮಯ ತೋರಿಸುತ್ತಿರಬೇಕು, ಅಷ್ಟೇ.

ಇಲ್ಲಿ ಅತಿಸುರಕ್ಷಿತ ನೋಂದಣಿ ಫಲಕದ, ಅಂದರೆ ಎಚ್‌ಎಸ್‌ಆರ್‌ಪಿಯ ಉಪಕಾರ ದೊಡ್ಡದು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಅದರೊಂದಿಗೇ ಬರುತ್ತಿವೆ. ಅದಕ್ಕೂ ಹಿಂದಿನವು ಹಾಕಿಸಿಕೊಳ್ಳಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶಿಸಿ, ಗಡುವನ್ನು ಮೇಲಿಂದ ಮೇಲೆ ಮುಂದೂಡಿತು. ಬಣ್ಣ ಬಳಿದ ಹಳೇ ಪ್ಲೇಟು, ಸ್ಟಿಕರಿನ ಓರೆಕೋರೆ ಅಕ್ಷರ, ಕೆಸರು ಮೆತ್ತಿದ ಹಿಂಬದಿ, ಇವುಗಳ ಮುಂದೆ ಎಷ್ಟು ದುಬಾರಿ ಕ್ಯಾಮೆರಾ ಆದರೂ ಕೈಚೆಲ್ಲಬೇಕು. ನಕಲಿ ನಂಬರ್ ಹಾಕಿಕೊಂಡು ಬಂದವನ ವಿಷಯ ಹೇಳುವುದೇ ಬೇಡ.

ಖರ್ಚಿನ ಪಟ್ಟಿ

ಕೆಳಗಿನವು ಜಿಎಸ್‌ಟಿ ಸೇರಿ ಹಿಡಿದ ಅಂದಾಜು ದರಗಳು. ಎಸ್‌.ಪಿ. ರಸ್ತೆಯಲ್ಲಿ ನಿಂತು ಚೌಕಾಸಿ ಮಾಡುವವರಿಗೆ ಕಡಿಮೆಯಾಗಬಹುದು, ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಹೆಚ್ಚಾಗಬಹುದು.

ಗೇಟು, ಅಂಗಳ ನೋಡಲು 4 ಮೆಗಾಪಿಕ್ಸೆಲಿನ 2.8 ಮಿ.ಮೀ. ಐಪಿ ಕ್ಯಾಮೆರಾ: ₹3,500
ನಂಬರಿಗೆ 4 ಮೆಗಾಪಿಕ್ಸೆಲಿನ, 2.8ರಿಂದ 12 ಮಿ.ಮೀ.ವರೆಗೆ ಹೊಂದಿಸಬಹುದಾದ ವೇರಿಫೋಕಲ್ ಕ್ಯಾಮೆರಾ: ₹11,000
4 ಚಾನೆಲ್ ಎನ್‌ವಿಆರ್ (ಐಪಿ ಕ್ಯಾಮೆರಾಗಳ ರೆಕಾರ್ಡರ್), ಕೇಬಲಿನಲ್ಲೇ ಕರೆಂಟ್ ಕೊಡುವ ಪಿಒಇ ಮಾದರಿ: ₹6,500
2 ಟಿಬಿ ಸಿಸಿಟಿವಿ ಹಾರ್ಡ್‌ಡಿಸ್ಕ್: ₹6,500
ಕ್ಯಾಟ್-6 ಕೇಬಲ್ 30 ಮೀಟರ್, ಮೀಟರಿಗೆ ₹30ರಂತೆ: ₹900
ಪೈಪು, ಬಾಕ್ಸು, ಕ್ಲಾಂಪು: ₹800
600 ವಿಎ ಯುಪಿಎಸ್: ₹2,800
ಫಿಟ್ಟಿಂಗ್ ಕೂಲಿ, ಎರಡು ಕ್ಯಾಮೆರಾಕ್ಕೆ ₹900ರಂತೆ: ₹1,800
ಒಟ್ಟು: ₹33,800

ಇದರಲ್ಲಿ ಮೂರನೇ ಒಂದು ಭಾಗ ವೇರಿಫೋಕಲ್ ಕ್ಯಾಮೆರಾ ಒಂದಕ್ಕೇ ಹೋಗುತ್ತದೆ. ಗ್ರಾಹಕರು ಮೊದಲು ಕತ್ತರಿ ಹಾಕುವುದೂ ಅದಕ್ಕೇ. ಬೇರೆ ಯಾವುದಕ್ಕೆ ಬೇಕಾದರೂ ಹಾಕಲಿ. 2 ಟಿಬಿ ಬದಲು 1 ಟಿಬಿ ಸಾಕೆನ್ನಲಿ, ಮನೆಗೆ ಇನ್ವರ್ಟರ್ ಇದ್ದರೆ ಯುಪಿಎಸ್ ಬಿಡಲಿ, ಅಂಗಳದ ಕ್ಯಾಮೆರಾ ಎರಡು ಮೆಗಾಪಿಕ್ಸೆಲ್ ಆದರೂ ನಡೆಯುತ್ತದೆ. ಈ ಲೆನ್ಸ್ ತೆಗೆದರೆ ಉಳಿದ ₹22,800ರಲ್ಲಿ ನಂಬರ್ ಕಾಣುವುದಿಲ್ಲ. 4 ಮೆಗಾಪಿಕ್ಸೆಲಿಗೆ 12 ಮಿ.ಮೀ. ಲೆನ್ಸ್ ಹಾಕಿ 9 ಮೀಟರ್ ದೂರ ನೋಡಿದರೆ ಬೈಕಿನ ಹಿಂಬದಿ ಅಕ್ಷರ 21 ಪಿಕ್ಸೆಲ್ ಆಗುತ್ತದೆ. ಕೋನದಿಂದ ಅಕ್ಷರ ಸ್ವಲ್ಪ ಕುಗ್ಗಿದರೂ ತೊಂದರೆಯಿಲ್ಲ.

ಆಗಲೇ ಡಿವಿಆರ್ ಹಾಕಿಸಿ, ಒಂದು ಚಾನೆಲ್ ಖಾಲಿ ಇರುವವರಿಗೆ ಅಗ್ಗದ ದಾರಿ ಇದೆ. ಸ್ಥಿರ 6 ಅಥವಾ 8 ಮಿ.ಮೀ. ಲೆನ್ಸಿನ ಎರಡು ಮೆಗಾಪಿಕ್ಸೆಲ್ ಬುಲೆಟ್ ಕ್ಯಾಮೆರಾ ₹3,000, ಕೇಬಲ್ ₹700, ಕೂಲಿ ₹900, ಒಟ್ಟು ₹4,600. ಆದರೆ ಗಾಡಿ 6 ಮೀಟರಿನೊಳಗೆ ಹಾದುಹೋಗುವ ಕಿರಿದಾದ ರಸ್ತೆ, ಇಲ್ಲವೇ ಅಪಾರ್ಟ್‌ಮೆಂಟಿನ ಒಳಬಾಗಿಲು ಆಗಿರಬೇಕು. 6 ಮೀಟರ್ ದೂರಕ್ಕೆ 6 ಮಿ.ಮೀ. ಲೆನ್ಸಿನಲ್ಲಿ ಕಾರಿನ ಅಕ್ಷರ 22 ಪಿಕ್ಸೆಲ್, ಬೈಕಿನದು 12. 8 ಮಿ.ಮೀ. ಆದರೆ ಬೈಕಿನದು 16. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಶಟರನ್ನು ಕೈಯಲ್ಲಿ 1/1000ಕ್ಕೆ ನಿಲ್ಲಿಸಲು ಮೆನುವಿನಲ್ಲಿ ಅವಕಾಶ ಇದೆಯೇ? ಎರಡು ಮೂರು ಸಾವಿರಕ್ಕೆ ಸಿಗುವ, ಮೊಬೈಲಿನಲ್ಲಿ ತಿರುಗಿಸುವ ವೈಫೈ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಗು ಮಲಗಿದೆಯೇ ನೋಡಲು ಅವು ಚೆನ್ನ, ನಂಬರಿಗೆ ಬೇಡ.

2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಹಳೇ ದಾಸ್ತಾನನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎಂದರೆ ಪ್ರಮಾಣಪತ್ರ ಇರುವ ಮಾದರಿಯೇ ಎಂದು ವಿಚಾರಿಸಿ.

ನಂಬರನ್ನು ತಾನೇ ಓದಿ ಪಟ್ಟಿ ಮಾಡುವ ಎಎನ್‌ಪಿಆರ್ ಕ್ಯಾಮೆರಾ ಬೇಕೇ? ಬೆಂಗಳೂರು ಸಂಚಾರ ಪೊಲೀಸರು ಜಂಕ್ಷನ್‌ಗಳಲ್ಲಿ ಬಳಸುವುದು ಅಂಥವನ್ನು. ದಿನಕ್ಕೆ ಸಾವಿರ ಗಾಡಿ ಬಂದುಹೋಗುವ ಅಪಾರ್ಟ್‌ಮೆಂಟಿಗೆ ಅರ್ಥವಿದೆ. ಒಂದು ಮನೆಗೆ ಅದು ದುಂದು. ವರ್ಷಕ್ಕೊಮ್ಮೆಯೋ ಎರಡು ಸಲವೋ ಬೇಕಾಗುವ ನಂಬರನ್ನು ಕಣ್ಣಿನಿಂದ ಓದಿದರಾಯಿತು.

ತಿಂಗಳ ಬಾಬತ್ತು

ಸೆಕೆಂಡಿಗೆ 4 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ 43.2 ಜಿಬಿ ತುಂಬಿಸುತ್ತದೆ. ಎರಡಕ್ಕೆ 86.4. 2 ಟಿಬಿ ಡಿಸ್ಕು 23 ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. 1 ಟಿಬಿ ಆದರೆ ಹನ್ನೊಂದೂವರೆ ದಿನ. ಜನ ಸೇರುವ ಅಂಗಡಿ, ಆಸ್ಪತ್ರೆ, ಶಾಲೆಗಳು 30 ದಿನ ಇಟ್ಟಿರಬೇಕೆಂದು ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017 ಹೇಳುತ್ತದೆ. ಮನೆಗಳಿಗೆ ಆ ಕಟ್ಟಳೆಯಿಲ್ಲ, ಆದರೂ ಊರಿಗೆ ಹೋಗಿ ಎರಡು ವಾರ ಬಿಟ್ಟು ಬರುವವರಿಗೆ 1 ಟಿಬಿ ಸಾಲದು. ನಂಬರ್ ಕ್ಯಾಮೆರಾವನ್ನು ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡುವಂತೆ ಇಟ್ಟರೆ ಜಾಗ ಬಹಳ ಉಳಿಯುತ್ತದೆ. ಆದರೆ ಕಪ್ಪು ಪರದೆಯಲ್ಲಿ ಚಲನೆಯನ್ನೇ ಅದು ಗುರುತಿಸದೆ ಹೋಗಬಹುದು. ನಾನಾದರೆ ದಿನವಿಡೀ ಓಡಿಸಿ, ಜಾಗಕ್ಕೆ ದುಡ್ಡು ಕೊಡುತ್ತೇನೆ.

ಎರಡು ಕ್ಯಾಮೆರಾ, ಎನ್‌ವಿಆರ್, ಡಿಸ್ಕು ಸೇರಿ 35 ವ್ಯಾಟ್ ಎಂದು ಹಿಡಿದರೆ ತಿಂಗಳಿಗೆ 25 ಯೂನಿಟ್. 2025-26ರ ಗೃಹಬಳಕೆ ದರ ಯೂನಿಟ್ಟಿಗೆ ₹5.80, ಪಿಂಚಣಿ ಬಾಬ್ತಿನ 36 ಪೈಸೆ ಸೇರಿ ₹6.16. ತಿಂಗಳಿಗೆ ಸುಮಾರು ₹155, ತೆರಿಗೆ ಬೇರೆ. ಸಣ್ಣ ಮೊತ್ತ. ಗೃಹಜ್ಯೋತಿಯವರಿಗೆ ಮಾತ್ರ ಸಣ್ಣದಲ್ಲದಿರಬಹುದು. ಉಚಿತದ ಮಿತಿ 200 ಯೂನಿಟ್. ತಿಂಗಳಿಗೆ 185 ಬಳಸುತ್ತಿದ್ದ ಮನೆ ಈ 25 ಸೇರಿ 210 ಮುಟ್ಟಿದರೆ ಹತ್ತು ಯೂನಿಟ್ಟಿಗಲ್ಲ, ಪೂರ್ತಿ 210ಕ್ಕೆ ಬಿಲ್ ಬರುತ್ತದೆ: ಯೂನಿಟ್ ಲೆಕ್ಕವೇ ₹1,294, ಮೇಲೆ ನಿಗದಿತ ಶುಲ್ಕ, ತೆರಿಗೆ. ಕ್ಯಾಮೆರಾ ಅಂಗಡಿಯವರು ಇದನ್ನು ಹೇಳುವುದಿಲ್ಲ, ಹೇಳಬೇಕಾದ್ದೂ ಅವರಲ್ಲ. ಹಳೇ ಬಿಲ್ಲುಗಳನ್ನು ತೆಗೆದು ನೋಡಿಕೊಂಡು ಮುಂದುವರಿಯಿರಿ.

ಐದು ವರ್ಷಕ್ಕೆ ಲೆಕ್ಕ ಹಾಕೋಣ. ಮೊದಲ ಖರ್ಚು ₹33,800, ಕರೆಂಟು ₹9,300, ನಡುವೆ ಒಮ್ಮೆ ಹಾರ್ಡ್‌ಡಿಸ್ಕ್ ಬದಲಿಸಿದರೆ ₹6,500. ಒಟ್ಟು ₹49,600, ತಿಂಗಳಿಗೆ ₹827. ಖರ್ಚಿಲ್ಲದ ಒಂದು ಕೆಲಸವೂ ಇದೆ: ಜೇಡರ ಬಲೆ ತೆಗೆಯುವುದು. ಐಆರ್ ದೀಪದ ಬೆಚ್ಚಗಿನ ಜಾಗಕ್ಕೆ ಹುಳು ಬರುತ್ತದೆ, ಹುಳುವಿಗೆ ಜೇಡ ಬರುತ್ತದೆ. ಲೆನ್ಸಿನ ಮುಂದಿನ ಒಂದೇ ಎಳೆ ರಾತ್ರಿ ಟ್ಯೂಬ್‌ಲೈಟಿನಂತೆ ಹೊಳೆದು ಹಿಂದಿನ ಪ್ಲೇಟನ್ನು ಮರೆಮಾಡುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಬೇಕು.

ನಂಬರ್ ಸಿಕ್ಕ ಮೇಲೆ

ಪೂರ್ತಿ ಸಿಗದಿದ್ದರೂ ಕೈಬಿಡಬೇಕಿಲ್ಲ. ನಮ್ಮ ನಂಬರುಗಳಲ್ಲಿ ಜಾಗ ನಿಗದಿ: ಮೊದಲು ರಾಜ್ಯದ ಎರಡು ಅಕ್ಷರ, ಆರ್‌ಟಿಒದ ಎರಡು ಅಂಕಿ, ಸರಣಿಯ ಅಕ್ಷರಗಳು, ಕೊನೆಗೆ ನಾಲ್ಕು ಅಂಕಿ. ಕೊನೆಯ ನಾಲ್ಕರಲ್ಲಿ ‘ಬಿ’ ಥರ ಕಂಡದ್ದು ಎಂಟೇ. ಕೊನೆಯ ಒಂದು ಅಂಕಿ ಮಸುಕಾದರೆ ಸಂಶಯಕ್ಕೆ ಸಿಗುವುದು 10 ಗಾಡಿ, ಎರಡು ಮಸುಕಾದರೆ 100, ಮೂರಾದರೆ 1,000. ಎರಡನೇ ಕ್ಯಾಮೆರಾ ಕೊಟ್ಟ ಬಣ್ಣ, ಮಾದರಿ ಸೇರಿಸಿದರೆ ಪೊಲೀಸರಿಗೆ ನೂರರಲ್ಲಿ ಹುಡುಕುವುದು ಕಷ್ಟವಲ್ಲ. ಹುಡುಕುವ ಕೆಲಸ ಮಾತ್ರ ಅವರದೇ. ವಾಹನ್ ಪೋರ್ಟಲ್ ಸಾರ್ವಜನಿಕರಿಗೆ ಮಾಲೀಕರ ಹೆಸರನ್ನು ಪೂರ್ತಿ ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆ ರಿಯಾಯಿತಿ ಮನೆಯೊಳಗಿನದು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇವನೇ ಕಳ್ಳ’ ಎಂದು ಯಾರದೋ ನಂಬರ್ ಹಾಕುವುದು ಬೇರೆಯೇ ಮಾತು.

ನ್ಯಾಯಾಲಯದ ವಿಷಯಕ್ಕೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಹಿ ಹಾಕುವವರು ಸಾಧನ ನೋಡಿಕೊಳ್ಳುತ್ತಿದ್ದವರು, ಇನ್ನೊಂದಕ್ಕೆ ತಜ್ಞರು; ಕಡತದ ಹ್ಯಾಶ್ ಸಂಖ್ಯೆಯೂ ಇರಬೇಕು. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ ವಿಡಿಯೊ ಠಾಣೆಗೆ ಸುಳಿವಾಗಬಹುದು, ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಘಟನೆಯಾದ ದಿನವೇ ಎನ್‌ವಿಆರ್‌ನಿಂದ ಮೂಲ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. 23 ದಿನ ಬೇಗ ಕಳೆಯುತ್ತದೆ.

ಇನ್ನು ಫಿಟ್ಟಿಂಗ್ ದಿನದ ಮಾತು. ಫೋಕಸ್ ಹೊಂದಿಸುವುದನ್ನು ಹಗಲಿನಲ್ಲಿ ಮುಗಿಸಿ ಹೋಗಲು ಬಿಡಬೇಡಿ. ಹಗಲಿನ ಬೆಳಕಿಗೆ ನಿಖರವಾಗಿ ಕೂತ ಲೆನ್ಸ್ ಐಆರ್ ಬೆಳಕಿಗೆ ಸ್ವಲ್ಪ ಸರಿಯುತ್ತದೆ, ನಂಬರ್ ಕ್ಯಾಮೆರಾದ ಫೋಕಸ್ ಕತ್ತಲಾದ ಮೇಲೇ ಮಾಡಬೇಕು. ಸ್ಕ್ರೂ ಬಿಗಿ ಮಾಡುವ ಮೊದಲು ನಿಮ್ಮದೇ ಸ್ಕೂಟರನ್ನು ಯಾರಾದರೂ 20 ಕಿ.ಮೀ. ವೇಗದಲ್ಲಿ ಓಡಿಸಲಿ, ಹಸಿರು ಪ್ಲೇಟಿನ ವಿದ್ಯುತ್ ಸ್ಕೂಟರು ಅಕ್ಕಪಕ್ಕದಲ್ಲಿದ್ದರೆ ಅದನ್ನೂ ಒಮ್ಮೆ, ಏಕೆಂದರೆ ಐಆರ್‌ನಲ್ಲಿ ಬಣ್ಣವಿಲ್ಲ, ಎಲ್ಲ ಕಪ್ಪು ಬಿಳುಪು. ಆಮೇಲೆ ಲೈವ್ ಅಲ್ಲ, ರೆಕಾರ್ಡಿಂಗ್ ತೆಗೆದು, ನಿಲ್ಲಿಸಿ, ಕೊನೆಯ ನಾಲ್ಕು ಅಂಕಿ ಓದಿ. ಓದಲಾಗದಿದ್ದರೆ ಬಾಕಿ ಹಣ ಕೊಡಬೇಡಿ. ₹33,800ರಲ್ಲಿ ಕನಿಷ್ಠ ₹5,000 ಈ ರಾತ್ರಿ ಪರೀಕ್ಷೆಗೆಂದೇ ಬಾಕಿ ಇಟ್ಟುಕೊಳ್ಳುವುದಾಗಿ ಕೊಟೇಶನ್ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ.